ಹೆರಿಗೆ ಕೋಣೆಯಲ್ಲಿ ಯಾವ ಭಾಷೆ, ಸ್ವಾಮಿ?

ಸಂಜೆ ಐದೂವರೆಗೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಅಜ್ಜಿಯೊಬ್ಬರಿಗೆ "ಎದುರು ಪೋಲೆ" ಅನ್ನುತ್ತಾನೆ, ಮೇಷ್ಟ್ರಿಗೆ "ಸ್ವಲ್ಪ ಮುಂದೆ ಹೋಗಿ ಮಾರಾಯ್ರೇ" ಅನ್ನುತ್ತಾನೆ, ಬಾಗಿಲಲ್ಲಿ ಜೋತುಬಿದ್ದ ಬಿಹಾರದ ಹುಡುಗನಿಗೆ "ಅಂದರ್ ಆವೋ ಭಾಯ್" ಅನ್ನುತ್ತಾನೆ. ನರ್ಸಿಂಗ್ ಕಾಲೇಜಿನ ಹುಡುಗಿಯ ಹತ್ತಿರ ಮಲೆಯಾಳದಲ್ಲೇ ಚಿಲ್ಲರೆ ಕೇಳುತ್ತಾನೆ. ಎಲ್ಲ ಮುಗಿಸಿ "ರೈಟ್, ಪೋಯಿ!" ಇವನಿಗೆ ಯಾವ ಸರಕಾರ ತರಬೇತಿ ಕೊಟ್ಟಿತು? ಯಾವ ಶಿಬಿರಕ್ಕೆ ಹೋಗಿ ಬಂದ?

ಹಂಪನಕಟ್ಟೆಯ ಅಂಗಡಿಯವರೂ ಹಾಗೆಯೇ. ಗಿರಾಕಿಯ ಬಾಯಿ ತೆರೆಯುವ ಮೊದಲೇ ಮುಖ ನೋಡಿ "ದಾದ ಬೋಡು?" ಅನ್ನುತ್ತಾರೆ. ಮುಖ ತಪ್ಪಿದರೆ "ಕಿತೆಂ ಜಾಯ್?" ಅದೂ ತಪ್ಪಿದರೆ "ಕ್ಯಾ ಚಾಹಿಯೇ?" ಏನು ಬೇಕೆಂದು ಕೇಳದೆ ಸಾಮಾನು ಕಟ್ಟಿಕೊಡುವ ಅಂಗಡಿ ಈ ಊರಿನಲ್ಲಿ ಆರು ತಿಂಗಳು ಬಾಳುವುದಿಲ್ಲ. ಇದು ನಿಮಗೂ ಗೊತ್ತು, ನನಗೂ ಗೊತ್ತು.

ಇಂಥ ಊರಿನಲ್ಲಿ, ಏನು ಬೇಕು, ಎಲ್ಲಿ ನೋಯುತ್ತದೆ ಎಂದು ಕೇಳಲೇಬೇಕಾದ ಜಾಗ ಒಂದುಂಟು. ಅದು ಹೆರಿಗೆ ಕೋಣೆ. ಅಲ್ಲಿ ಕೇಳುತ್ತೇವೆಯೇ? ಕೇಳಿದರೂ ಯಾವ ಭಾಷೆಯಲ್ಲಿ ಕೇಳುತ್ತೇವೆ? ಇವತ್ತಿನ ಮಾತು ಅದರದ್ದು.

ಬಂಜಿಯೂ ಬಂಜೆಯೂ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಕಟ್ಟಡ ಏಳುತ್ತಾ ಉಂಟು. ಕೆಲಸದವರು ಬಾಗಲಕೋಟೆ ಕಡೆಯವರು. ಅಲ್ಲಿನ ಮೇಸ್ತ್ರಿಯ ಹೆಂಡತಿ ಚಾ ಅಂಗಡಿಯಲ್ಲಿ ಹೇಳಿದ್ದು ಇದು. ಅವಳ ತಂಗಿಗೆ ಚೊಚ್ಚಲ ಹೆರಿಗೆ. ರಾತ್ರಿ ನೋವು ಕಾಣಿಸಿಕೊಂಡಿತು, ಆಟೋ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಯಾವ ಆಸ್ಪತ್ರೆ ಎಂದು ಕೇಳಬೇಡಿ. ಹೆಸರು ಹೇಳಿ ಒಬ್ಬರನ್ನು ಗೋಡೆಗೆ ನಿಲ್ಲಿಸುವುದು ಈ ಬರಹದ ಉದ್ದೇಶ ಅಲ್ಲ.

ಒಳಗೆ ಇದ್ದ ಆಯಾ ಒಳ್ಳೆಯ ಹೆಂಗಸು. ಪ್ರೀತಿಯಿಂದಲೇ ತುಳುವಿನಲ್ಲಿ ಕೇಳಿದಳು: "ಬಂಜಿ ಬೇನೆ ಉಂಡಾ?" ಹೊಟ್ಟೆ ನೋವು ಇದೆಯಾ ಎಂದು. ತುಳುವಿನಲ್ಲಿ ಬಂಜಿ ಎಂದರೆ ಹೊಟ್ಟೆ. ಬಸುರಿಗೆ ನಾವು ಬಂಜಿನಾಳ್ ಎಂದೇ ಹೇಳುವುದು. ಆದರೆ ಘಟ್ಟದ ಮೇಲಿನ ಕನ್ನಡದಲ್ಲಿ ಬಂಜೆ ಎಂದರೆ ಮಕ್ಕಳಾಗದವಳು. ಬಾಗಲಕೋಟೆಯ ಬಾಯಲ್ಲಿ ಆ ಶಬ್ದ 'ಬಂಜಿ' ಎಂದೇ ಹೊರಡುತ್ತದೆ. ಮದುವೆಯಾಗಿ ಐದು ವರ್ಷ ಮಕ್ಕಳಿಲ್ಲವೆಂದು ಅತ್ತೆಮನೆಯಲ್ಲಿ ಇದೇ ಶಬ್ದ ಕೇಳಿ ಕೇಳಿ ಸಾಕಾಗಿದ್ದ ಹುಡುಗಿ. "ನಾ ಬಂಜಿ ಅಲ್ರಿ, ಹಡ್ಯಾಕ ಬಂದೀನ್ರಿ" ಎಂದು ಅಳಲಿಕ್ಕೆ ಶುರು ಮಾಡಿದಳು. ಆಯಾಗೆ ತಲೆಬುಡ ತಿಳಿಯಲಿಲ್ಲ. ಪಾಳಿಯಲ್ಲಿದ್ದ ದಾದಿಗೆ ಇಬ್ಬರ ಮಾತೂ ತಿಳಿಯಲಿಲ್ಲ. ಅವಳು ಮಲೆಯಾಳಿ. ಮೂರು ಹೆಂಗಸರು, ಮೂರು ಭಾಷೆ, ನಡುವೆ ಒಂದು ನೋವು. ಕೊನೆಗೆ ದಾದಿ ಗದರಿದಳು. ಗದರುವುದಕ್ಕೆ ಭಾಷೆ ಬೇಡವಲ್ಲ, ಅದು ಎಲ್ಲರಿಗೂ ಅರ್ಥವಾಗುತ್ತದೆ.

ಹುಡುಗಿ ಬಾಯಿ ಮುಚ್ಚಿದಳು. ಆಮೇಲೆ ಬಾಯಿ ತೆರೆಯಲೇ ಇಲ್ಲ. ಹೆರಿಗೆ ಆಯಿತು, ಮಗು ಚೆನ್ನಾಗಿತ್ತು. ಬೆಳಗಿನ ಜಾವ ಮೈಕೆಳಗಿನ ಬಟ್ಟೆ ಒದ್ದೆಯಾಗುತ್ತಾ ಬಂದರೂ ಯಾರನ್ನೂ ಕರೆಯಲಿಲ್ಲ. ಕರೆದರೆ ಮತ್ತೆ ಬೈಯುತ್ತಾರೆ ಎಂಬ ಹೆದರಿಕೆ. ಪಕ್ಕದ ಮಂಚದ ಬಾಣಂತಿ ನೋಡಿ ಕೂಗಿಕೊಂಡದ್ದಕ್ಕೆ ಜೀವ ಉಳಿಯಿತು. ಆಗ ಅದೇ ದಾದಿ ಓಡಿ ಬಂದು, ಡಾಕ್ಟರನ್ನು ಎಬ್ಬಿಸಿ, ಬೆಳಗಾಗುವವರೆಗೆ ಅವಳ ಕೈಹಿಡಿದು ಕೂತಿದ್ದಳಂತೆ. ದಾದಿ ಕೆಟ್ಟವಳಲ್ಲ ಸ್ವಾಮಿ, ಅದನ್ನು ನೆನಪಿಟ್ಟುಕೊಳ್ಳಿ. ಗೊಬ್ಬರ ಹಾಕಿದರೂ ಗಿಡ ಏಳದಿದ್ದರೆ ದೋಷ ಬೇರೆ ಎಲ್ಲೋ ಉಂಟು.

ಮರ್ಯಾದೆ ಎಂಬುದು ಔಷಧಿ

ಹೆರಿಗೆ ಆದ ಮೇಲೆ 24 ಗಂಟೆಯೊಳಗೆ ಅರ್ಧ ಲೀಟರಿನಷ್ಟು ರಕ್ತ ಹೋದರೆ ಅಪಾಯ ಎಂದು ವೈದ್ಯಶಾಸ್ತ್ರ ಬಹುಕಾಲದಿಂದ ಗಡಿ ಇಟ್ಟುಕೊಂಡಿದೆ. ಜಗತ್ತಿನಲ್ಲಿ ತಾಯಂದಿರ ಸಾವಿಗೆ ರಕ್ತಸ್ರಾವವೇ ದೊಡ್ಡ ಕಾರಣ. ಅದಕ್ಕೆ ಇಂಜೆಕ್ಷನ್ ಉಂಟು, ರಕ್ತ ಉಂಟು, ಡಾಕ್ಟರಿದ್ದಾರೆ. ಆದರೆ ಮೊದಲು ಯಾರಿಗಾದರೂ ಗೊತ್ತಾಗಬೇಕಲ್ಲ? ಹತ್ತು ಮಂಚಕ್ಕೆ ಒಬ್ಬ ದಾದಿ ಇರುವ ರಾತ್ರಿಯಲ್ಲಿ ಮೊದಲು ಗೊತ್ತಾಗುವುದು ಮಂಚದ ಮೇಲೆ ಮಲಗಿದವಳಿಗೆ. ತಲೆ ತಿರುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ, ತಲೆ ಸಿಡಿಯುತ್ತದೆ ಎಂದು ಅವಳು ಹೇಳಬೇಕು. ಬೈಸಿಕೊಂಡವಳು ಹೇಳುವುದಿಲ್ಲ. ಭಾಷೆ ಬಾರದವಳು ಹೇಳಲಿಕ್ಕೆ ಹೋಗುವುದೂ ಇಲ್ಲ.

ಆದ್ದರಿಂದ ಹೆರಿಗೆ ಕೋಣೆಯಲ್ಲಿ ಮರ್ಯಾದೆಯ ಮಾತು ಎಂದರೆ ನಯ ವಿನಯದ ವಿಷಯ ಎಂದು ತಿಳಿಯಬೇಡಿ. ಬಿ.ಪಿ. ನೋಡುವ ಯಂತ್ರದಷ್ಟೇ ಅದು ಕೆಲಸದ ವಸ್ತು. ಯಂತ್ರ ಕೆಟ್ಟರೆ ರಿಪೇರಿಗೆ ಕಳಿಸುತ್ತೇವೆ. ಮಾತು ಕೆಟ್ಟರೆ?

ಅಂಗಡಿಗೂ ಹೆರಿಗೆ ಕೋಣೆಗೂ ಒಂದು ವ್ಯತ್ಯಾಸ ಉಂಟು. ಅಂಗಡಿಯವ ಸಿಡುಕಿದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ನೋವು ತಿನ್ನುವ ಹೆಂಗಸು ಎದ್ದು ಎಲ್ಲಿಗೆ ಹೋಗಬೇಕು?

ಸರಕಾರ ಸುಮ್ಮನೆ ಕೂತಿಲ್ಲ

ಸರಕಾರ ಏನೂ ಮಾಡಿಲ್ಲ ಎಂದು ಹೇಳಿದರೆ ಸುಳ್ಳಾದೀತು. 2005ರಲ್ಲಿ ಜನನಿ ಸುರಕ್ಷಾ ಬಂತು. 2011ರಲ್ಲಿ ಜನನಿ ಶಿಶು ಸುರಕ್ಷಾ ಬಂತು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಊಟ, ರಕ್ತ, ವಾಹನ ಎಲ್ಲ ಪುಕ್ಕಟೆ. 2016ರಲ್ಲಿ ಹೆರಿಗೆ ಹೊತ್ತಿನಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದು ಎಂದು ಕೇಂದ್ರ ಸರಕಾರ ಹೇಳಿತು. 2017ರ ಡಿಸೆಂಬರಿನಲ್ಲಿ 'ಲಕ್ಷ್ಯ' ಎಂಬ ಯೋಜನೆ ಬಂತು. ಹೆರಿಗೆ ಕೋಣೆಗೆ ಪರದೆ ಬೇಕು, ಬೈಗುಳ ಕೂಡದು, ಹೊಡೆತ ಕೂಡದು, ಬಕ್ಷೀಸು ಕೂಡದು, ಬಂದ ಹೆಂಗಸರನ್ನೇ ತೃಪ್ತಿಯಾಯಿತೇ ಎಂದು ಕೇಳಬೇಕು ಎಂದಿತು. 2019ರಲ್ಲಿ 'ಸುಮನ್' ಬಂತು. ಮರ್ಯಾದೆಯ ಆರೈಕೆ ಪ್ರತಿ ತಾಯಿಯ ಹಕ್ಕು, ಬಾಗಿಲಿಗೆ ಬಂದವಳನ್ನು ವಾಪಸು ಕಳಿಸಕೂಡದು ಎಂದಿತು.

ಜನರೂ ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗಿವೆ. ಅಂದರೆ ಹೆಂಗಸರನ್ನು ಆಸ್ಪತ್ರೆಗೆ ತರುವ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಇಷ್ಟಾದರೂ 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ನಮ್ಮ ರಾಜ್ಯದಲ್ಲಿ 69 ತಾಯಂದಿರು ತೀರಿಕೊಂಡರು. ತಲಪಾಡಿ ಗೇಟು ದಾಟಿದರೆ ಸಿಗುವ ಕೇರಳದಲ್ಲಿ ಆ ಲೆಕ್ಕ 19. ವ್ಯತ್ಯಾಸಕ್ಕೆ ಕಾರಣ ಹತ್ತಾರು ಉಂಟು, ಎಲ್ಲ ಮಾತಿನದ್ದೇ ಎಂದು ನಾನು ಹೇಳುವುದಿಲ್ಲ. ಆದರೆ ಆಸ್ಪತ್ರೆಯ ಬಾಗಿಲವರೆಗೆ ತಂದು ಬಿಟ್ಟರೆ ಸಾಲದು, ಒಳಗೆ ಏನಾಗುತ್ತದೆ ಎಂದೂ ನೋಡಬೇಕು ಎಂಬುದಕ್ಕೆ ಈ ಎರಡು ಅಂಕಿ ಸಾಕು.

ಈಗ ಆಸ್ಪತ್ರೆಗಳಲ್ಲಿ ಹೊಸ ತರಬೇತಿಯ ಮಾತು. 'ವ್ಯಕ್ತಿಕೇಂದ್ರಿತ ಆರೈಕೆ' ಎಂದು ಅದರ ಹೆಸರು. ಬಾಯಿ ತುಂಬುವ ಹೆಸರು. ಸರಳ ಮಾಡಿ ಹೇಳಿದರೆ ಮೂರು ಸಂಗತಿ: ಹೆಂಗಸಿಗೆ ಮರ್ಯಾದೆ ಕೊಡಿ, ಏನು ಮಾಡುತ್ತೀರಿ ಎಂದು ಹೇಳಿ, ಅವಳ ಒಪ್ಪಿಗೆ ಕೇಳಿ, ಕಷ್ಟದ ಹೊತ್ತಿಗೆ ಜೊತೆಗೆ ನಿಲ್ಲಿ. ಒಳ್ಳೆಯದೇ. ಆದರೆ ತರಬೇತಿಯ ಪುಸ್ತಕ ಎಲ್ಲೋ ಇಂಗ್ಲಿಷಿನಲ್ಲಿ ತಯಾರಾಗಿ, ಬೆಂಗಳೂರಿನಲ್ಲಿ ಕನ್ನಡವಾಗಿ, ಮಂಗಳೂರಿಗೆ ಬಂದು ಗೋಡೆಯ ಮೇಲೆ ಪೋಸ್ಟರ್ ಆಗಿ ಅಂಟಿಕೊಂಡರೆ ಅಲ್ಲಿಗೆ ಮುಗಿಯಿತೇ?

ಕೀನ್ಯಾದ ಪ್ರಶ್ನೆ, ಉತ್ತರಪ್ರದೇಶದ ಉತ್ತರ

ಇದು ನಮ್ಮ ಊರಿನ ಕಾಯಿಲೆ ಮಾತ್ರ ಎಂದು ತಲೆ ತಗ್ಗಿಸಬೇಕಾಗಿಲ್ಲ. ಘಾನಾ, ಗಿನಿ, ನೈಜೀರಿಯಾ, ಮ್ಯಾನ್ಮಾರ್ ಎಂಬ ನಾಲ್ಕು ದೇಶಗಳಲ್ಲಿ ಹೆರಿಗೆ ಕೋಣೆಯಲ್ಲೇ ನಿಂತು ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಕಣ್ಣಾರೆ ನೋಡಿದ 2,016 ಹೆಂಗಸರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿ ಬೈಗುಳ, ಹೊಡೆತ ಅಥವಾ ತಾರತಮ್ಯ ಕಂಡಿದ್ದರು. ಕಾಯಿಲೆ ಎಲ್ಲ ಕಡೆ ಉಂಟು. ಮದ್ದು ಮಾತ್ರ ಊರೂರಿಗೆ ಬೇರೆ.

ಅದಕ್ಕೊಂದು ಉದಾಹರಣೆ. ಪೇಶೆನ್ಸ್ ಅಫುಲಾನಿ ಎಂಬ ಘಾನಾ ಮೂಲದ ಸಂಶೋಧಕಿ ಕೀನ್ಯಾ ದೇಶದಲ್ಲಿ, ಹೆರಿಗೆಯ ಹೊತ್ತಿನಲ್ಲಿ ಹೆಂಗಸಿಗೆ ಎಷ್ಟು ಮರ್ಯಾದೆ ಸಿಕ್ಕಿತು ಎಂದು ಅಳೆಯಲಿಕ್ಕೆ 30 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಅದೇ ಪಟ್ಟಿಯನ್ನು ಉತ್ತರಪ್ರದೇಶಕ್ಕೆ ತಂದಾಗ ಹಿಂದಿಗೆ ಭಾಷಾಂತರ ಮಾಡಿ ಕೈತೊಳೆದುಕೊಳ್ಳಲಿಲ್ಲ. ಅಲ್ಲಿನ ಹೆಂಗಸರನ್ನು ಕೇಳಿ ನೋಡಿದರು, ಹೊಂದದ ಪ್ರಶ್ನೆ ಬಿಟ್ಟರು, ಕೊನೆಗೆ 27 ಉಳಿಯಿತು. 2018ರಲ್ಲಿ ಅದು ಪ್ರಕಟವಾಯಿತು. ಮೂರೇ ಪ್ರಶ್ನೆ ಕಡಿಮೆಯಾದದ್ದು ಎಂದು ನಗಬೇಡಿ. ಕೀನ್ಯಾದ ಅಳತೆಯ ಅಂಗಿ ಉತ್ತರಪ್ರದೇಶದ ಮೈಗೆ ಹಾಗೇ ಕೂರುವುದಿಲ್ಲ, ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕು ಎಂದು ಒಪ್ಪಿಕೊಂಡದ್ದೇ ದೊಡ್ಡ ವಿಷಯ. ಟೈಲರ್ ಅಂಗಡಿಯವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಹಾಗಾದರೆ ಮಂಗಳೂರಿನ ಮೈಗೆ ಅಳತೆ ತೆಗೆದವರು ಯಾರು?

ಯಾರು ಹೆರುತ್ತಾರೆ, ಯಾರು ಹೆರಿಸುತ್ತಾರೆ

ನಮ್ಮ ಲೇಡಿಗೋಷನ್ ಆಸ್ಪತ್ರೆಯ ಹೆಸರೇ ನೋಡಿ. 1924ರಿಂದ 1929ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಗೋಷನ್ ಸಾಹೇಬರ ಹೆಂಡತಿಯ ಹೆಸರು ಅದು. ಮದರಾಸು ಸರಕಾರದ ಕಾಲದಲ್ಲೇ, 1950ರ ದಶಕದಲ್ಲಿ, ಡಾ. ಟಿ.ಎಂ.ಎ. ಪೈಗಳು ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದಾಗ ವೆನ್ಲಾಕ್ ಮತ್ತು ಲೇಡಿಗೋಷನ್ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಕಲಿಯುವ ಏರ್ಪಾಡು ಆಯಿತು. ಅಲ್ಲಿಂದ ಇಲ್ಲಿಯವರೆಗೆ ದೇಶದ ಮೂಲೆ ಮೂಲೆಯ ಹುಡುಗ ಹುಡುಗಿಯರು ಈ ಊರಿನ ತಾಯಂದಿರ ಮಂಚದ ಬದಿಯಲ್ಲಿ ನಿಂತು ಡಾಕ್ಟರಿಕೆ ಕಲಿತಿದ್ದಾರೆ. ಊರು ತುಂಬ ನರ್ಸಿಂಗ್ ಕಾಲೇಜುಗಳು. ಕೇರಳದಿಂದ ಬರುವ ಹುಡುಗಿಯರು ಲೆಕ್ಕವಿಲ್ಲದಷ್ಟು. ಇಲ್ಲಿ ಕಲಿತು ಗಲ್ಫಿಗೆ, ವಿಲಾಯತಿಗೆ ಹೋಗಿ ಹೆಸರು ಮಾಡಿದವರು ಬಹಳ.

ಇದು ಹೆರಿಸುವವರ ಕತೆ. ಹೆರುವವರು ಯಾರು? ತುಳು ಮಾತಾಡುವ ಬೀಡಿ ಕಟ್ಟುವ ಹೆಂಗಸು, ಬ್ಯಾರಿ ಮಾತಾಡುವ ಮೀನು ವ್ಯಾಪಾರಿಯ ಹೆಂಡತಿ, ಕೊಂಕಣಿಯ ಹುಡುಗಿ, ಸುಳ್ಯದ ಅರೆಭಾಷೆಯವಳು, ಮಂಜೇಶ್ವರ ಕಾಸರಗೋಡಿನಿಂದ ಗಡಿ ದಾಟಿ ಬರುವವಳು, ಕೊಪ್ಪಳ ಗದಗ ರಾಯಚೂರಿನ ಕೂಲಿಯವಳು, ಹಿಂದಿಯೂ ಸರಿಯಾಗಿ ಬಾರದ ಜಾರ್ಖಂಡಿನವಳು. ಕಾಸರಗೋಡಿನವರು ಮಂಗಳೂರನ್ನು ಎಷ್ಟು ನಂಬಿಕೊಂಡಿದ್ದಾರೆ ಎಂಬುದು 2020ರ ಮಾರ್ಚಿನಲ್ಲಿ ಕೊರೋನಾ ಎಂದು ತಲಪಾಡಿಯಲ್ಲಿ ಮಣ್ಣು ಸುರಿದು ರಸ್ತೆ ಮುಚ್ಚಿದಾಗ ಇಡೀ ದೇಶಕ್ಕೆ ತಿಳಿಯಿತು. ರೋಗಿಗಳ ಗೋಳು ಸುಪ್ರೀಂ ಕೋರ್ಟಿನವರೆಗೆ ಹೋಯಿತು.

2019ರಿಂದ ಮೆಡಿಕಲ್ ವಿದ್ಯಾರ್ಥಿಗಳಿಗೆ ಆರಂಭದ ಪಾಠದಲ್ಲಿ ಸ್ಥಳೀಯ ಭಾಷೆ ಕಲಿಸುವ ಕ್ರಮ ಉಂಟು. ಆದರೆ ಮಂಗಳೂರಿನಲ್ಲಿ ಸ್ಥಳೀಯ ಭಾಷೆ ಯಾವುದು? ಕಾಗದದ ಮೇಲೆ ಕನ್ನಡ. ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ. ಆ ಕನ್ನಡವಾದರೂ ಯಾವ ಕನ್ನಡ? ಪುಸ್ತಕದಲ್ಲಿ ಓದಿದ 'ಹೆರಿಗೆ ನೋವು' ಕಲಿತ ಹುಡುಗಿಗೆ "ಹೊಟ್ಟಿ ಕಡ್ಯಾಕತ್ತೈತ್ರಿ" ಎಂದರೆ ಏನು ಅರ್ಥವಾದೀತು? ನೋವಿಲ್ಲದಾಗ ಎಲ್ಲರೂ ನಾಲ್ಕು ಭಾಷೆ ಆಡಿಯಾರು. ನೋವು ಬಂದಾಗ ನಾಲಿಗೆ ತಾಯಿಯ ಭಾಷೆಗೇ ಹೋಗುತ್ತದೆ.

ಜಾತಿ ನೋಡಿ ಆರೈಕೆ ಬೇಡ

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. 'ಸಂಸ್ಕೃತಿಗೆ ತಕ್ಕ ತರಬೇತಿ' ಎಂದ ಕೂಡಲೇ ನಮ್ಮವರು ಮಾಡುವ ಮೊದಲ ಕೆಲಸ ಪಟ್ಟಿ ಬರೆಯುವುದು. ಬ್ಯಾರಿಗಳು ಹೀಗೆ, ಕ್ರಿಶ್ಚಿಯನ್ನರು ಹಾಗೆ, ಘಟ್ಟದವರು ಇನ್ನೊಂದು ಥರ, ಹಿಂದಿಯವರು ಮತ್ತೊಂದು ಥರ. ಪಟ್ಟಿ ಓದಿದ ದಾದಿ ಬುರ್ಖಾ ಕಂಡ ಕೂಡಲೇ ಒಂದು ತೀರ್ಮಾನಕ್ಕೆ ಬರುತ್ತಾಳೆ, ಕೊರಳ ಶಿಲುಬೆ ಕಂಡ ಕೂಡಲೇ ಇನ್ನೊಂದು. ಇದು ಮರ್ಯಾದೆಯಲ್ಲ, ಹಳೆಯ ಜಾತಿ ಲೆಕ್ಕಕ್ಕೆ ಹೊಸ ರಟ್ಟು ಹಾಕಿದ್ದು. "ಆ ಕಡೆಯ ಹೆಂಗಸರಿಗೆ ನೋವು ತಡೆಯುವ ಶಕ್ತಿ ಜಾಸ್ತಿ" ಎಂಬ ಮಾತನ್ನು ನೀವೂ ಕೇಳಿರಬಹುದು. ಕೂಲಿ ಮಾಡುವವಳ ಗರ್ಭಕೋಶ ಕಬ್ಬಿಣದ್ದೇ?

ಹಾಗಾದರೆ ಏನು ಮಾಡಬೇಕು? ಕೇಳಬೇಕು. ಅಷ್ಟೇ. ನಿಮ್ಮ ಜೊತೆ ಯಾರು ಇರಬೇಕು? ಮೈ ಮುಚ್ಚಲು ಏನು ಬೇಕು? ಮಗು ಹುಟ್ಟಿದ ಕೂಡಲೇ ಮನೆಯವರದ್ದು ಏನಾದರೂ ಕ್ರಮ ಉಂಟಾ? ಯಾವುದಕ್ಕೆ ಹೆದರಿಕೆ? ಒಂದು ಮುಸ್ಲಿಂ ಮನೆಯವರು ಮಗುವಿನ ಕಿವಿಯಲ್ಲಿ ಬಾಂಗ್ ಹೇಳಬೇಕು ಅನ್ನುತ್ತಾರೆ. ಎರಡು ನಿಮಿಷದ ಕೆಲಸ, ಯಾರಿಗೂ ನಷ್ಟವಿಲ್ಲ. ಪಕ್ಕದ ಮಂಚದ ಇನ್ನೊಂದು ಮುಸ್ಲಿಂ ಮನೆಯವರು ಅದನ್ನು ಮನೆಗೆ ಹೋಗಿ ಮಾಡುತ್ತೇವೆ ಎಂದಾರು. ಒಂದು ಮನೆಯಲ್ಲಿ ಅಮೆಯ ಸೂತಕ ಗಟ್ಟಿ, ಇನ್ನೊಂದು ಮನೆಯಲ್ಲಿ ಹೆಸರಿಗೆ ಮಾತ್ರ. ಕೇಳದೆ ಹೇಗೆ ತಿಳಿಯುತ್ತದೆ?

ಕೇಳುವುದೆಂದರೆ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದೂ ಅಲ್ಲ. ಹುಟ್ಟಿದ ಮಗುವಿನ ಬಾಯಿಗೆ ಜೇನು, ಸಕ್ಕರೆ ನೀರು ಹಾಕುತ್ತೇವೆ ಎಂದರೆ ಬೇಡ ಎನ್ನಲೇಬೇಕು. ಒಂದು ಗಂಟೆಯೊಳಗೆ ತಾಯಿಯ ಮೊದಲ ಹಾಲು ಹೋಗಬೇಕು. ಬಾಣಂತಿಗೆ ನೀರು ಕೊಡಬಾರದು ಎಂದು ಅಜ್ಜಿ ಹಟ ಹಿಡಿದರೆ ಅದೂ ತಪ್ಪು. ಆದರೆ ತಪ್ಪು ಎಂದು ಹೇಳುವುದಕ್ಕೆ ಎರಡು ದಾರಿ ಉಂಟು. "ನಿಮಗೆ ಬುದ್ಧಿ ಇಲ್ಲವಾ ಅಜ್ಜಿ?" ಎಂಬುದು ಒಂದು. "ನೀರು ಕುಡಿಯದಿದ್ದರೆ ಇವಳೇ ಸುಸ್ತಾಗುತ್ತಾಳಲ್ಲ, ಬಿಸಿ ಮಾಡಿ ಆರಿಸಿ ಕೊಡುವ, ಆಗಬಹುದಾ?" ಎಂಬುದು ಇನ್ನೊಂದು. ಎರಡನೆಯದಕ್ಕೆ ಅಜ್ಜಿ ಮನೆಗೆ ಹೋದ ಮೇಲೂ ನೀರು ಕೊಡುತ್ತಾಳೆ. ಮೊದಲನೆಯದಕ್ಕೆ ಆಸ್ಪತ್ರೆಯಲ್ಲಿ ತಲೆಯಾಡಿಸಿ ಮನೆಯಲ್ಲಿ ಚೆಂಬು ಅಡಗಿಸುತ್ತಾಳೆ.

ತವರಿಲ್ಲದವಳ ಜೊತೆ ಯಾರು?

ನಮ್ಮ ಕಡೆ ಬಯಕೆ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ಕ್ರಮ. ಹೆರಿಗೆ ಕೋಣೆಯ ಹೊರಗೆ ಅಮ್ಮ, ಚಿಕ್ಕಮ್ಮ, ಅತ್ತಿಗೆ ಎಲ್ಲ ಇರುತ್ತಾರೆ. ಹೆರಿಗೆಯ ಹೊತ್ತಿಗೆ ಹೆಂಗಸು ಬಯಸಿದವರೊಬ್ಬರು ಜೊತೆಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ನಮ್ಮ ಸರಕಾರದ 2016ರ ಸೂಚನೆ ಸ್ವಲ್ಪ ಬಿಗಿ: ಜೊತೆಗಿರುವವಳು ಹೆಂಗಸಾಗಬೇಕು, ಹೆತ್ತು ಅನುಭವ ಇದ್ದವಳಾಗಬೇಕು, ಮರೆಗೆ ವ್ಯವಸ್ಥೆ ಇರುವಲ್ಲಿ ಗಂಡನನ್ನೂ ಬಿಡಬಹುದು. ತವರಿನ ಬೆಂಬಲ ಇದ್ದವಳಿಗೆ ಇದು ಸುಲಭ. ಬಿಹಾರದಿಂದ ಗಂಡನ ಜೊತೆ ಒಬ್ಬಳೇ ಬಂದವಳಿಗೆ? ಅವಳಿಗೆ ಈ ಊರಿನಲ್ಲಿ ಇರುವುದು ಗಂಡ ಒಬ್ಬನೇ. ಸಾಮಾನ್ಯ ವಾರ್ಡಿನಲ್ಲಿ ಗಂಡಸನ್ನು ಒಳಗೆ ಬಿಟ್ಟರೆ ಉಳಿದ ಹೆಂಗಸರಿಗೆ ಮುಜುಗರ. ಎರಡೂ ನ್ಯಾಯದ ಮಾತೇ. ಇದಕ್ಕೆ ಉತ್ತರ ಬೆಂಗಳೂರಿನಿಂದಲೂ ಬರುವುದಿಲ್ಲ, ಜಿನೀವಾದಿಂದಲೂ ಬರುವುದಿಲ್ಲ. ಒಂದು ಗಟ್ಟಿ ಪರದೆ, ಅಥವಾ ಆ ಭಾಷೆ ಬಲ್ಲ ಒಬ್ಬ ಅನುಭವಸ್ಥ ಹೆಂಗಸನ್ನು ಕರೆಸುವ ಏರ್ಪಾಡು ನಾವೇ ಇಲ್ಲಿ ಮಾಡಿಕೊಳ್ಳಬೇಕಾದ್ದು.

ಹೊರಗಿನವಳು ಎಂಬ ಉದಾಸೀನ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಮ್ಮ ರಾಜ್ಯ 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ನೋಡಿದೆ. ತಮಿಳುನಾಡು ಮೂಲದ ತುಂಬು ಬಸುರಿ ಜಿಲ್ಲಾ ಆಸ್ಪತ್ರೆಗೆ ಹೋದಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ದಾಖಲು ಮಾಡಿಕೊಳ್ಳಲಿಲ್ಲ ಎಂಬ ದೂರು ಬಂತು. ಮನೆಗೆ ಹೋಗಿ ಅವಳಿ ಮಕ್ಕಳನ್ನು ಹೆತ್ತಳು. ತಾಯಿಯೂ ಹೋದಳು, ಎರಡು ಮಕ್ಕಳೂ ಹೋದವು. ಆಮೇಲೆ ಅಮಾನತು, ತನಿಖೆ, ಮಂತ್ರಿಗಳ ಭೇಟಿ ಎಲ್ಲ ಆಯಿತು. 'ಯಾರನ್ನೂ ವಾಪಸು ಕಳಿಸಕೂಡದು' ಎಂಬ 'ಸುಮನ್' ಬಂದು ಆಗಲೇ ಮೂರು ವರ್ಷವಾಗಿತ್ತು. ಕಾಗದದ ಮೇಲಿನ ಮರ್ಯಾದೆ ಬಾಗಿಲಿನವರೆಗೆ ಬರಲಿಲ್ಲ.

ದಾದಿಯ ಬೆನ್ನು ಯಾರು ಒತ್ತುತ್ತಾರೆ?

ಈಗ ದಾದಿಯರ ಪರವಾಗಿ ನಾಲ್ಕು ಮಾತು. ಹತ್ತು ಗಂಟೆ ನಿಂತೇ ಇದ್ದು, ಎರಡು ಹೆರಿಗೆ ಒಟ್ಟಿಗೆ ಬಂದು, ಊಟ ತಣ್ಣಗಾಗಿ, ಹಾಸ್ಟೆಲಿನಲ್ಲಿ ನಿದ್ದೆಯಿಲ್ಲದೆ, ತಿಂಗಳ ಸಂಬಳಕ್ಕೆ ಗುತ್ತಿಗೆದಾರನ ಮುಖ ನೋಡುವ ಹುಡುಗಿಗೆ ನಾವು ಹೋಗಿ "ನಗುತ್ತಾ ಮಾತಾಡಮ್ಮ" ಎಂದು ಉಪದೇಶ ಕೊಟ್ಟರೆ ಏನಾದೀತು? ಗದರುವ ದಾದಿಯನ್ನು ಗದರುವ ಹೆಡ್ ನರ್ಸ್, ಅವಳನ್ನು ಗದರುವ ಡಾಕ್ಟರ್, ಅವರನ್ನು ಗದರುವ ಮೇಲಧಿಕಾರಿ. ಮೇಲಿನಿಂದ ಸುರಿದ ನೀರು ಕೊನೆಗೆ ಬೀಳುವುದು ಮಂಚದ ಮೇಲೆ ಮಲಗಿದವಳ ತಲೆಗೆ.

ಕೀನ್ಯಾ ಮತ್ತು ಘಾನಾದಲ್ಲಿ ಇದನ್ನು ಅರ್ಥಮಾಡಿಕೊಂಡು, ದಾದಿಯರ ಆಯಾಸಕ್ಕೆ, ಮನಸ್ಸಿನ ಒತ್ತಡಕ್ಕೆ ಮೊದಲು ಮದ್ದು ಹುಡುಕುವ ತರಬೇತಿ ಶುರು ಮಾಡಿದ್ದಾರೆ. ಆರೈಕೆ ಮಾಡುವವರಿಗೆ ಆರೈಕೆ ಎಂಬುದು ಅದರ ತಿರುಳು. ಮಲೆಯಾಳಿ ಹುಡುಗಿಗೆ ತುಳು ಬಾರದ್ದು ಅವಳ ತಪ್ಪಲ್ಲ. ಅವಳನ್ನು ಕರೆದುಕೊಂಡು ಬಂದು, ಫೀಸು ತೆಗೆದುಕೊಂಡು, ವಾರ್ಡಿಗೆ ಬಿಟ್ಟು, 'ಬೇನೆ' ಎಂಬ ಎರಡಕ್ಷರ ಕಲಿಸದವರ ತಪ್ಪು.

ಮಾಡಬೇಕಾದ್ದೇನು?

ದೂರುವುದು ಸುಲಭ, ದಾರಿ ಹೇಳು ಅನ್ನುತ್ತೀರಿ. ಸರಿ, ಹೇಳುತ್ತೇನೆ. ಇದಕ್ಕೆ ಕೋಟಿ ರೂಪಾಯಿ ಬೇಡ.

ಮೊದಲನೆಯದು ಒಂದು ಹಾಳೆ. ಇಪ್ಪತ್ತೇ ಇಪ್ಪತ್ತು ಮಾತು. ಎಲ್ಲಿ ನೋವು, ಎಷ್ಟು ಹೊತ್ತಾಯಿತು, ರಕ್ತ ಹೋಗುತ್ತಾ ಉಂಟಾ, ತಲೆ ತಿರುಗುತ್ತದಾ, ನೀರು ಬೇಕಾ, ನಾನು ಈಗ ಪರೀಕ್ಷೆ ಮಾಡಲಾ, ಹೆದರಬೇಡಿ. ತುಳು, ಬ್ಯಾರಿ, ಕೊಂಕಣಿ, ಮಲೆಯಾಳ, ಹಿಂದಿ, ಮತ್ತು ಕನ್ನಡದಲ್ಲೇ ಎರಡು ಬಗೆ: ಕರಾವಳಿಯದ್ದು, ಬಯಲುಸೀಮೆಯದ್ದು. ಗೋಡೆಯ ಮೇಲೊಂದು, ಪ್ರತಿ ದಾದಿಯ ಜೇಬಿನಲ್ಲೊಂದು. ಇದನ್ನು ಪಂಡಿತರು ಬರೆಯುವುದು ಬೇಡ. ಹೆತ್ತು ಬಂದ ಹೆಂಗಸರೂ ವಾರ್ಡಿನ ಹಳೆಯ ಆಯಾಗಳೂ ಕೂತು ಬರೆಯಲಿ. "ನೀರ್ ಬೋಡಾ?" ಎಂದು ಕೇಳಲು ಎಷ್ಟು ಹೊತ್ತು ಬೇಕು? ಅಪಾಯವಿಲ್ಲದ ಹೆರಿಗೆಯಲ್ಲಿ ನೋವಿನ ಹೊತ್ತಿಗೆ ಹೆಂಗಸು ನೀರು, ಆಹಾರ ತೆಗೆದುಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಎರಡನೆಯದು ತರಬೇತಿಯ ಕ್ರಮ. ಕತ್ತಲೆ ಕೋಣೆಯಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ, ಬಿಸ್ಕೀಟು ಚಾ ಕೊಟ್ಟು, ಸರ್ಟಿಫಿಕೇಟು ಹಂಚುವುದು ತರಬೇತಿಯಲ್ಲ. ದಾದಿಯನ್ನೇ ಮಂಚದ ಮೇಲೆ ಮಲಗಿಸಿ, ಅವಳಿಗೆ ತಿಳಿಯದ ಭಾಷೆಯಲ್ಲಿ ನಾಲ್ಕು ಮಂದಿ ಸುತ್ತ ನಿಂತು ಮಾತಾಡಲಿ. ಐದು ನಿಮಿಷ ಸಾಕು, ಜೀವಮಾನ ಮರೆಯುವುದಿಲ್ಲ. ಬಿಹಾರದ ಸರಕಾರಿ ಆಸ್ಪತ್ರೆಗಳಲ್ಲಿ ದಾದಿಯರಿಗೆ ಅಣಕು ಹೆರಿಗೆ ನಡೆಸಿ ಕಲಿಸಿದ್ದುಂಟು. ಯಕ್ಷಗಾನದ ಊರಿನವರಾದ ನಮಗೆ ವೇಷ ಕಟ್ಟುವುದು ಕಷ್ಟವೇ?

ಮೂರನೆಯದು ಆಯಾಗಳು. ಯಾವ ತರಬೇತಿಗೂ ಅವರನ್ನು ಕರೆಯುವುದಿಲ್ಲ. ಆದರೆ ಬಾಗಿಲಲ್ಲಿ ಮೊದಲು ಸಿಗುವವರು ಅವರು, ಊರ ಭಾಷೆ ಬಲ್ಲವರೂ ಅವರೇ. ಬೆಂಚಿನ ಮೊದಲ ಸಾಲಿನಲ್ಲಿ ಅವರು ಕೂರಬೇಕು.

ನಾಲ್ಕನೆಯದು ಕೇಳುವವರು. ಮನೆಗೆ ಹೋಗುವ ಬಾಣಂತಿಯನ್ನು "ಎಲ್ಲ ಒಳ್ಳೆಯದಾಯಿತಾ?" ಎಂದು ಅದೇ ದಾದಿ ಅದೇ ಮಂಚದ ಬದಿಯಲ್ಲಿ ಕೇಳಿದರೆ ಯಾರು ಇಲ್ಲ ಎಂದಾರು? ಹತ್ತು ದಿನ ಬಿಟ್ಟು ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಅವಳ ಭಾಷೆಯಲ್ಲಿ ಕೇಳಲಿ. ಹೇಳಿದ್ದು ಹೆಸರಿಲ್ಲದೆ ಆಸ್ಪತ್ರೆಗೆ ವಾಪಸು ಹೋಗಲಿ.

ಐದನೆಯದು ಸಿಬ್ಬಂದಿ. ಖಾಲಿ ಇರುವ ಜಾಗ ತುಂಬಿಸಿ. ಇದಿಲ್ಲದಿದ್ದರೆ ಮೇಲಿನ ನಾಲ್ಕೂ ನೀರಿನ ಮೇಲಿನ ಬರಹ.

ಈ ಊರಿಗೆ ಇದು ಆಗದ ಕೆಲಸವೇನಲ್ಲ. ಜರ್ಮನ್ ಪಾದ್ರಿ ಮ್ಯಾನರ್ ಸಾಹೇಬರು ತುಳು ಕಲಿತು, ತುಳು ನಿಘಂಟು ಬರೆದು, ಇದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 1886ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಉಡುಪಿಯಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ದೊಡ್ಡ ತುಳು ನಿಘಂಟೇ ಬಂತು. ಸಮುದ್ರ ದಾಟಿ ಬಂದ ಪರದೇಶಿ ಇಡೀ ಭಾಷೆ ಕಲಿತ. ಬೇನೆ ತಿನ್ನುವ ನಮ್ಮ ಹೆಂಗಸರಿಗಾಗಿ ಇಪ್ಪತ್ತು ಶಬ್ದದ ಒಂದು ಹಾಳೆ ಅಚ್ಚು ಹಾಕಿಸಲು ನಮ್ಮಿಂದ ಆಗುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಅಚ್ಚಿನ ಖರ್ಚು ಹಂಪನಕಟ್ಟೆಯ ನಾಲ್ಕು ಅಂಗಡಿಯವರು ಸೇರಿದರೆ ಒಂದು ಸಂಜೆಯ ವ್ಯಾಪಾರದಲ್ಲಿ ಹುಟ್ಟುತ್ತದೆ.

ಮೇಸ್ತ್ರಿಯ ಹೆಂಡತಿಯನ್ನು ನಿನ್ನೆ ಮತ್ತೆ ಕಂಡೆ. ತಂಗಿ, ಮಗು ಇಬ್ಬರೂ ಕ್ಷೇಮವಂತೆ. ಮುಂದಿನ ಹೆರಿಗೆಗೆ ಇಲ್ಲಿ 'ಒಲ್ಲೆ' ಅಂತಾಳಂತೆ, ಊರಿಗೇ ಹೋಗುತ್ತಾಳಂತೆ. ಆಸ್ಪತ್ರೆಗಳ ಊರು ಎಂದು ಬೆನ್ನು ತಟ್ಟಿಕೊಳ್ಳುವ ಮಂಗಳೂರಿನಿಂದ, ಊರಿನವರೆಗೆ ರಾತ್ರಿ ಬಸ್ಸಿನಲ್ಲಿ, ತುಂಬಿದ ಹೊಟ್ಟೆಯಲ್ಲಿ. ಅವಳ ಹೆದರಿಕೆಗೆ ಇಷ್ಟು ದೂರ ಕಡಿಮೆಯೇ ಆಗಿ ಕಂಡಿತು. ಅವಳನ್ನು ಇಲ್ಲೇ ನಿಲ್ಲಿಸಲು ಎಷ್ಟು ಮಾತು ಬೇಕಿತ್ತು?

ಆರೋಗ್ಯ ಖಾತೆಯವರು, ಆಸ್ಪತ್ರೆ ನಡೆಸುವವರು, ಕಾಲೇಜು ಕಟ್ಟಿದವರು, ಸಂಬಂಧಪಟ್ಟವರೆಲ್ಲ ಇತ್ತ ಗಮನ ಹರಿಸುವರೇ?